ಬಂಡೆ ಮೇಲೆ ಒಂದು ತೆಳು ಪದರ ಹೂಳು

ಹೋದ ವಾರ ಎರಡು ಗಾಜಿನ ಸೀಸೆ ತೆಗೆದುಕೊಂಡೆ. ಎರಡಕ್ಕೂ ಒಂದೊಂದು ಲೀಟರ್ ನೀರು, ಒಂದೊಂದು ಹಿಡಿ ಮಣ್ಣು. ಒಂದಕ್ಕೆ ಮಾತ್ರ 35 ಗ್ರಾಂ ಉಪ್ಪು ಹಾಕಿದೆ, ಹೆಚ್ಚುಕಡಿಮೆ ಸಮುದ್ರದ ನೀರಿನಲ್ಲಿ ಇರುವಷ್ಟು. ಆ ಉಪ್ಪುನೀರಿನ ಸೀಸೆಯ ತಳದಲ್ಲಿ ಒಂದು ನುಣುಪಾದ ಕಲ್ಲನ್ನೂ ಇಟ್ಟೆ. ಉದ್ದನೆಯ ಕಡ್ಡಿಯಿಂದ ಎರಡನ್ನೂ ಚೆನ್ನಾಗಿ ಕದಡಿ, ಕಿಟಕಿ ಪಕ್ಕ ಇಟ್ಟು ನೋಡುತ್ತಾ ಕೂತೆ.

ಮರಳು ಕ್ಷಣದಲ್ಲಿ ತಳ ಸೇರಿತು. ಐದು ಎಣಿಸುವಷ್ಟರಲ್ಲಿ ಎಲ್ಲಾ ಕೆಳಗೆ. ಆಮೇಲೆ ನಿಜವಾದ ಕಥೆ ಶುರುವಾಯಿತು. ಉಪ್ಪಿಲ್ಲದ ಸೀಸೆಯಲ್ಲಿ ನೀರು ಬಗ್ಗಡವಾಗಿಯೇ ಉಳಿಯಿತು, ಗಂಟೆ ಕಳೆದರೂ ಆಚೆ ಬದಿ ಕಾಣಲಿಲ್ಲ. ಉಪ್ಪು ಹಾಕಿದ್ದರಲ್ಲಿ ಮಾತ್ರ ಹತ್ತಿಯ ಚೂರುಗಳಂಥವು ಕಾಣಿಸಿಕೊಂಡವು. ಜೇಡಿಯ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು, ಮುದ್ದೆಯಾಗಿ, ನಿಧಾನಕ್ಕೆ ಇಳಿಯತೊಡಗಿದವು. ಬೆಳಿಗ್ಗೆ ಎದ್ದು ನೋಡಿದರೆ ಉಪ್ಪುನೀರು ತಿಳಿಯಾಗಿತ್ತು.

ಕಲ್ಲನ್ನು ಅಲುಗಾಡದ ಹಾಗೆ ಮೆಲ್ಲಗೆ ಮೇಲೆತ್ತಿದೆ. ಅದರ ನೆತ್ತಿಯ ಮೇಲೆ ಮಖಮಲ್ಲಿನಂಥ ಒಂದು ಪದರ. ಉಗುರಿನಿಂದ ಗೆರೆ ಎಳೆದರೆ ಕೆಳಗಿನ ಕಲ್ಲು ಕಾಣುತ್ತದೆ, ಅಷ್ಟು ತೆಳು. ಒಂದು ಮಿಲಿಮೀಟರ್ ಕೂಡ ಇರಲಿಕ್ಕಿಲ್ಲ. ಕಲ್ಲಿನ ಪಕ್ಕಗಳು ಮಾತ್ರ ಬಹುಪಾಲು ಸ್ವಚ್ಛ. ಅಡಿಭಾಗವೂ ಸ್ವಚ್ಛ.

ಇದನ್ನೆಲ್ಲ ಮಾಡಿದ್ದು ಕೆಲ್ಪ್ ಅನ್ನುವ ದೊಡ್ಡ ಕಡಲ ಪಾಚಿಯ ಕಾಡಿಗೋಸ್ಕರ. ಕೆಲವು ತಿಂಗಳಿಂದ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿದಷ್ಟೂ ನನಗೆ ಒಂದು ಮಾತು ಸ್ಪಷ್ಟವಾಗುತ್ತಿದೆ: ಕೆಲ್ಪ್ ಕಾಡಿನ ಆರೋಗ್ಯ ನೋಡಬೇಕಾದರೆ ಮೇಲೆ ತೇಲುವ ಎಲೆಗಳನ್ನು ನೋಡಿದರೆ ಸಾಲದು, ತಳದ ಬಂಡೆಯ ಮೇಲೆ ಏನು ಕೂತಿದೆ ಅಂತ ನೋಡಬೇಕು. ಬಿಸಿಯಾಗುತ್ತಿರುವ ಸಮುದ್ರದ ಬಗ್ಗೆ, ಕೆಲ್ಪ್ ತಿನ್ನುವ, ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್‌ಗಳ ಹಾವಳಿಯ ಬಗ್ಗೆ ತುಂಬಾ ಜನ ಬರೆಯುತ್ತಾರೆ. ಬರೆಯಬೇಕಾದದ್ದೇ. ಆದರೆ ಈ ಹೂಳಿನ ವಿಷಯ ಯಾಕೋ ಹಿಂದೆ ಉಳಿದುಬಿಡುತ್ತದೆ.

ಕೆಲ್ಪ್ ಅಂದರೆ ತಂಪು ಸಮುದ್ರಗಳಲ್ಲಿ ಬಂಡೆ ಹಿಡಿದು ಬೆಳೆಯುವ ದೊಡ್ಡ ಕಂದು ಪಾಚಿ. ನೋಡಲು ಗಿಡದ ಹಾಗಿದ್ದರೂ ಗಿಡವಲ್ಲ. ಬೇರೂ ಇಲ್ಲ. ಬುಡದಲ್ಲಿ ಹೋಲ್ಡ್‌ಫಾಸ್ಟ್ ಅನ್ನುವ, ಹುರಿಹುರಿಯಾಗಿ ಹೆಣೆದುಕೊಂಡ ಒಂದು ಗಂಟು ಇರುತ್ತದೆ. ಅದರ ಕೆಲಸ ಬಂಡೆಯನ್ನು ಅಪ್ಪಿ ಹಿಡಿಯುವುದು ಮಾತ್ರ. ಊಟಕ್ಕೆ ಬೇಕಾದದ್ದನ್ನೆಲ್ಲ ಪಾಚಿ ತನ್ನ ಮೈಯಿಂದಲೇ ನೀರಿನಿಂದ ಹೀರಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ, ಚಿಲಿ, ನ್ಯೂಜಿಲೆಂಡ್ ಕಡೆ ಬೆಳೆಯುವ ಜೈಂಟ್ ಕೆಲ್ಪ್ ಎಲ್ಲಾ ಅನುಕೂಲವಾದರೆ ದಿನಕ್ಕೆ 60 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಗಾಳಿ ತುಂಬಿದ ಗುಳ್ಳೆಗಳು ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತವೆ. ನೀರಿನ ಮೇಲ್ಮೈ ಮುಟ್ಟಿದ ಮೇಲೆ ಅಲ್ಲೇ ಹರಡಿಕೊಂಡು ಚಪ್ಪರ ಕಟ್ಟುತ್ತದೆ.

ಡಾರ್ವಿನ್ 1834ರಲ್ಲಿ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಲ್ಲಿ ಇಂಥ ಕೆಲ್ಪ್‌ನ ಬುಡಗಳನ್ನು ಹಿಡಿದು ಕೊಡವಿದ್ದ. ಅದರೊಳಗಿಂದ ಸಣ್ಣ ಮೀನು, ಏಡಿ, ಚಿಪ್ಪು, ನಕ್ಷತ್ರಮೀನು, ಹುಳು ಎಲ್ಲಾ ರಾಶಿಯಾಗಿ ಉದುರಿದವು. ಆ ಬುಡದ ಗಂಟಿನ ಸಂದುಗಳೇ ಒಂದು ಊರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಹೂಳು ಬಂದು ತುಂಬುವುದು ಮೊದಲು ಆ ಸಂದುಗಳಲ್ಲೇ.

ಈಗ ಇಷ್ಟು ದೊಡ್ಡ ಪಾಚಿ ಹುಟ್ಟುವುದು ಹೇಗೆ ಅಂತ ನೋಡೋಣ. ನನಗೆ ಎಲ್ಲಕ್ಕಿಂತ ಆಶ್ಚರ್ಯ ಆದದ್ದು ಇಲ್ಲೇ. ಬೆಳೆದ ಕೆಲ್ಪ್ ಕೋಟಿಗಟ್ಟಲೆ ಬೀಜಕಣಗಳನ್ನು ನೀರಿಗೆ ಬಿಡುತ್ತದೆ. ಒಂದೊಂದೂ ಒಂದು ಮಿಲಿಮೀಟರ್‌ನ ಸಾವಿರ ಪಾಲಿನಲ್ಲಿ ಆರೇಳು ಪಾಲಿನಷ್ಟು. ತಲೆಕೂದಲಿನ ದಪ್ಪದ ಹತ್ತರಲ್ಲೊಂದು ಪಾಲು ಅನ್ನಿ. ಅವು ಬಾಲ ಆಡಿಸುತ್ತಾ ಈಜಿ, ಬಂಡೆ ಸಿಕ್ಕರೆ ಅಂಟಿಕೊಂಡು, ನೂಲಿನ ಎಳೆಯಂಥ ಸೂಕ್ಷ್ಮ ಗಂಡು ಮತ್ತು ಹೆಣ್ಣು ಪಾಚಿಗಳಾಗಿ ಬೆಳೆಯುತ್ತವೆ. ಹೆಣ್ಣು ಒಂದು ವಾಸನೆಯಂಥ ರಾಸಾಯನಿಕವನ್ನು ನೀರಿಗೆ ಬಿಡುತ್ತದೆ, ಅದರ ಸುಳಿವು ಹಿಡಿದು ಗಂಡಿನ ವೀರ್ಯಾಣು ಹುಡುಕಿಕೊಂಡು ಬರುತ್ತದೆ. ಆದರೆ ಆ ಸುಳಿವು ಹರಡುವುದು ಸುಮಾರು ಒಂದು ಮಿಲಿಮೀಟರ್ ದೂರ, ಅಷ್ಟೇ. ಹಾಗಾಗಿ ಬಂಡೆಯ ಮೇಲೆ ಒಂದು ಚದರ ಮಿಲಿಮೀಟರ್‌ಗೆ ಕಡೇಪಕ್ಷ ಒಂದಾದರೂ ಬೀಜಕಣ ಕೂತರೆ ಮಾತ್ರ ಹೊಸ ಕೆಲ್ಪ್ ಹುಟ್ಟುವ ಸಾಧ್ಯತೆ ಚೆನ್ನಾಗಿರುತ್ತದೆ.

ಹತ್ತಾರು ಮೀಟರ್ ಎತ್ತರದ ಕಾಡಿನ ಭವಿಷ್ಯವೆಲ್ಲ ಒಂದು ಮಿಲಿಮೀಟರ್ ಜಾಗದಲ್ಲಿ ತೀರ್ಮಾನವಾಗುತ್ತದೆ ಅಂದ ಹಾಗಾಯಿತು ಅಲ್ವಾ? ಅದೇ ಜಾಗಕ್ಕೆ ನನ್ನ ಸೀಸೆಯ ಕಲ್ಲಿನ ಮೇಲಿದ್ದ ಮಖಮಲ್ ಪದರವನ್ನು ಹೊದಿಸಿ ನೋಡಿ. ಹೂಳಿನ ಒಂದು ಸಾಧಾರಣ ಕಣ ಬೀಜಕಣಕ್ಕಿಂತ ಹಲವು ಪಟ್ಟು ದೊಡ್ಡದು. ಬೀಜಕಣದ ಲೆಕ್ಕದಲ್ಲಿ ಅದು ಧೂಳಲ್ಲ, ಉರುಳುವ ಗುಂಡುಕಲ್ಲು. ಅದರ ಮೇಲೆ ಅಂಟಿಕೊಂಡರೆ ಮುಂದಿನ ಅಲೆಗೆ ಕಲ್ಲೂ ಹೋಯಿತು, ಅಂಟಿದವನೂ ಹೋದ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. 1978ರಲ್ಲಿ ಜೈಂಟ್ ಕೆಲ್ಪ್‌ನ ಬೀಜಕಣಗಳ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಇವತ್ತಿಗೂ ಈ ವಿಷಯದ ಬಗ್ಗೆ ಬರೆಯುವವರೆಲ್ಲ ಅದನ್ನು ನೆನೆಯುತ್ತಾರೆ. ಬೀಜಕಣ ಕೂರುವ ಮೊದಲೇ ಹೂಳು ಕೂತಿದ್ದರೆ ಅವು ಅಂಟುವುದೇ ಇಲ್ಲ. ಕೂತ ಮೇಲೆ ಹೂಳು ಮುಚ್ಚಿದರೆ ಉಸಿರುಗಟ್ಟಿದ ಹಾಗಾಗಿ ಸಾಯುತ್ತವೆ. ನೀರಿನ ಓಡಾಟವೂ ಜೊತೆಗೆ ಸೇರಿ ಕಣಗಳು ಅತ್ತಿತ್ತ ಉಜ್ಜಿದರೆ ಇನ್ನೂ ಜಾಸ್ತಿ ಸಾಯುತ್ತವೆ. ಮುಚ್ಚುವುದು, ಅಂಟಲು ಬಿಡದೇ ಇರುವುದು, ಉಜ್ಜುವುದು. ಮೂರೂ ಬೇರೆ ಬೇರೆ ಕೆಲಸ, ಮಾಡುವ ಮಣ್ಣು ಒಂದೇ.

ಇನ್ನು ಬೆಳಕು. ಕದಡಿದ ನೀರಿನಲ್ಲಿ ಬೆಳಕು ಕೆಳಗೆ ಇಳಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಎಷ್ಟು ದಿನ ಕದಡಿರುತ್ತದೆ ಅನ್ನುವುದು ಕಣದ ಗಾತ್ರದ ಮೇಲೆ ನಿಂತಿದೆ. ಲೆಕ್ಕ ಹಾಕಿ ನೋಡಿದೆ. ನಿಂತ ನೀರಿನಲ್ಲಿ ಹತ್ತು ಮೀಟರ್ ಆಳ ಇಳಿಯಲು, ಒಂದು ಮಿಲಿಮೀಟರ್‌ನ ಹತ್ತರಲ್ಲೊಂದು ಪಾಲಿನಷ್ಟು ದಪ್ಪದ ಮರಳಿನ ಕಣಕ್ಕೆ ಸುಮಾರು 20 ನಿಮಿಷ ಸಾಕು. ಅದರ ಹತ್ತನೇ ಒಂದು ಪಾಲಿನಷ್ಟು ಸಣ್ಣ ಹೂಳಿನ ಕಣಕ್ಕೆ ಒಂದು ದಿನಕ್ಕೂ ಮೇಲೆ ಬೇಕು. ಅದಕ್ಕೂ ಹತ್ತು ಪಟ್ಟು ಸಣ್ಣ ಜೇಡಿಯ ಕಣ ಒಂಟಿಯಾಗಿದ್ದರೆ ನಾಲ್ಕು ತಿಂಗಳಿಗೂ ಜಾಸ್ತಿ. ಗಾತ್ರ ಹತ್ತು ಪಟ್ಟು ಇಳಿದರೆ ವೇಗ ನೂರು ಪಟ್ಟು ಇಳಿಯುತ್ತದೆ. ಸಮುದ್ರದಲ್ಲಿ ಉಪ್ಪಿನ ದೆಸೆಯಿಂದ ಜೇಡಿ ಮುದ್ದೆಯಾಗುವುದರಿಂದ ಇದಕ್ಕಿಂತ ಬೇಗ ಇಳಿಯುತ್ತದೆ, ನನ್ನ ಸೀಸೆಯಲ್ಲಿ ಇಳಿದ ಹಾಗೆ. ಆದರೆ ಸಮುದ್ರ ನಿಂತ ನೀರೂ ಅಲ್ಲವಲ್ಲ. ಪ್ರತಿ ದೊಡ್ಡ ಅಲೆಯೂ ಇಳಿದದ್ದನ್ನು ಮತ್ತೆ ಎಬ್ಬಿಸುತ್ತದೆ. ನದಿ ಒಂದು ಸಲ ತಂದು ಹಾಕಿದ ಮಣ್ಣು ತಿಂಗಳುಗಟ್ಟಲೆ ಕಾಡುತ್ತಲೇ ಇರುತ್ತದೆ.

ಎಳೆಯಂಥ ಆ ಸೂಕ್ಷ್ಮ ಪಾಚಿಗಳು ಮೊಟ್ಟೆ ಇಡುವ ಹಂತಕ್ಕೆ ಬರಲು ನೀಲಿ ಬೆಳಕು ಬೇಕು. ಬೆಳಕು ಕಡಿಮೆಯಾದರೆ ಅವು ತಕ್ಷಣ ಸಾಯುವುದಿಲ್ಲ, ಕಾಯುತ್ತಾ ಕೂರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು ಇದನ್ನು ಕಿಟಕಿ ತೆರೆಯುವುದಕ್ಕೆ ಹೋಲಿಸುತ್ತಾರೆ. ನೀರು ತಂಪಾಗಿದ್ದು ಬೆಳಕೂ ತಳದವರೆಗೆ ಇಳಿಯುವ ಕೆಲವೇ ವಾರ ಆ ಕಿಟಕಿ ತೆರೆದಿರುತ್ತದೆ, ಆಗ ಹುಟ್ಟಿದರೆ ಹುಟ್ಟಿದ ಹಾಗೆ. ಚಳಿಗಾಲದ ಬಿರುಗಾಳಿ ಹಳೆ ಕೆಲ್ಪ್‌ಗಳನ್ನು ಕಿತ್ತುಹಾಕಿ ಬಂಡೆಯ ಮೇಲೆ ಜಾಗ ಮಾಡಿಕೊಡುತ್ತದೆ, ಹೊಸ ಮರಿಗಳಿಗೆ ಅದು ಒಳ್ಳೆಯದೇ, ಆದರೆ ಅದೇ ಬಿರುಗಾಳಿಯ ಮಳೆ ನದಿಗಳಲ್ಲಿ ಮಣ್ಣು ಹೊತ್ತು ತಂದು ಆ ತೆರವಾದ ಜಾಗದ ಮೇಲೇ ಸುರಿಯುತ್ತದೆ. ಒಂದೇ ಕೈ ಬಾಗಿಲು ತೆರೆದು ಅದೇ ಕೈ ಮುಚ್ಚಿದ ಹಾಗೆ. ಹಿಂದಿನ ಬೇಸಿಗೆಯಲ್ಲಿ ಬೆಟ್ಟದ ಕಾಡು ಸುಟ್ಟಿದ್ದರೆ, ಇಳಿಜಾರಿನಲ್ಲಿ ಮರ ಕಡಿದಿದ್ದರೆ, ಬರುವ ಮಣ್ಣು ಇನ್ನೂ ಜಾಸ್ತಿ.

ಪ್ರಾಣಿಗಳ ವಿಷಯಕ್ಕೆ ಬರುತ್ತೇನೆ. ಅಬಲೋನಿ ಅನ್ನುವ ದೊಡ್ಡ ಬಸವನಹುಳುವಿನಂಥ ಜೀವಿ ಇದೆ, ಒಳಗೆ ಮುತ್ತಿನ ಹೊಳಪಿನ ಚಿಪ್ಪು. ಅದರ ಮರಿಗಳು ನೀರಿನಲ್ಲಿ ತೇಲುತ್ತಾ ಕೂರಲು ಜಾಗ ಹುಡುಕುತ್ತವೆ. ಎಲ್ಲೆಂದರಲ್ಲಿ ಕೂರುವುದಿಲ್ಲ. ಬಂಡೆಗೆ ಗುಲಾಬಿ ಬಣ್ಣ ಬಳಿದ ಹಾಗೆ ಹರಡುವ, ಸುಣ್ಣದಂತೆ ಗಟ್ಟಿಯಾದ ಒಂದು ಕೆಂಪು ಪಾಚಿ ಇದೆ. ಅದರ ಮೈಮೇಲಿನ ರಾಸಾಯನಿಕ ತಾಗಿದಾಗ ಮಾತ್ರ ಮರಿಗೆ ಇದೇ ನನ್ನ ಮನೆ ಅಂತ ಗೊತ್ತಾಗುವುದು. ಆ ಗುಲಾಬಿ ಬಂಡೆಯ ಮೇಲೆ ಹೂಳು ಕೂತರೆ? ಬಂಡೆ ಅಲ್ಲೇ ಇದೆ, ಪಾಚಿಯೂ ಇದೆ, ಮರಿಯೂ ಬಂದಿದೆ. ನಡುವೆ ಒಂದು ತೆಳು ಪದರ ಮಣ್ಣು, ವಿಳಾಸ ಅಳಿಸಿಹೋದ ಹಾಗೆ. ಇದು ನನಗೆ ಬಹಳ ಸಂಕಟ ಕೊಡುವ ಸಂಗತಿ, ಯಾಕೆಂದರೆ ದೋಣಿಯಲ್ಲಿ ಮೇಲೆ ಹೋಗುವವರ ಕಣ್ಣಿಗೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ.

ನೀರು ಸೋಸಿ ತಿನ್ನುವ ಜೀವಿಗಳ ಕಷ್ಟ ಬೇರೆ. ಸ್ಪಂಜು, ಮಸ್ಸೆಲ್ ಚಿಪ್ಪು ಇಂಥವೆಲ್ಲ ನೀರನ್ನು ಒಳಗೆಳೆದು ಅದರಲ್ಲಿರುವ ಆಹಾರ ಹಿಡಿಯುತ್ತವೆ. ಆಹಾರದ ಜೊತೆ ಮಣ್ಣೂ ಬರುತ್ತದೆ. ಮಸ್ಸೆಲ್ ಆ ಮಣ್ಣನ್ನು ಲೋಳೆಯಲ್ಲಿ ಸುತ್ತಿ ಉಂಡೆ ಮಾಡಿ, ಹೊಟ್ಟೆಗೆ ಬಿಡದೆ ಹೊರಗೆ ಉಗುಳುತ್ತದೆ. ಜಾಣತನವೇ, ಆದರೆ ಪುಕ್ಕಟೆ ಅಲ್ಲ. ಲೋಳೆ ಮಾಡಲೂ ಶಕ್ತಿ ಬೇಕು, ವಿಂಗಡಿಸಲೂ ಸಮಯ ಬೇಕು. ದಿನವಿಡೀ ಇದೇ ಕೆಲಸ ಆದರೆ ಬೆಳೆಯಲು ಏನು ಉಳಿಯುತ್ತದೆ? ಇನ್ನು ಎಲ್ಲಿಗೂ ಹೋಗಲಾಗದ ಸ್ಪಂಜಿನ ರಂಧ್ರಗಳು ಮುಚ್ಚಿಕೊಂಡರೆ ಅಲ್ಲಿಗೆ ಮುಗಿಯಿತು. ಬಂಡೆಯ ನೆತ್ತಿಗಿಂತ ಕಡಿದಾದ ಗೋಡೆಗಳಲ್ಲಿ, ಚಾಚಿದ ಬಂಡೆಯ ಅಡಿಯಲ್ಲಿ ಸ್ಪಂಜುಗಳು ಹೆಚ್ಚು ಕಾಣಿಸುವುದಕ್ಕೆ ಇದೂ ಒಂದು ಕಾರಣ. ನನ್ನ ಕಲ್ಲಿನ ಪಕ್ಕಗಳು ಸ್ವಚ್ಛ ಇದ್ದವು ಅಂದೆನಲ್ಲ, ಅದೇ ಲೆಕ್ಕ.

ಮರಳಿನ ರೀತಿ ಬೇರೆ. ಅದು ನೀರನ್ನು ಬಗ್ಗಡ ಮಾಡುವುದಿಲ್ಲ, ಆದರೆ ಅಲೆಯ ಜೊತೆ ಹಿಂದೆ ಮುಂದೆ ಓಡಾಡುತ್ತಾ ಉಜ್ಜುಕಾಗದದ ಹಾಗೆ ಬಂಡೆಯನ್ನು ಉಜ್ಜುತ್ತದೆ. ಚಿಕ್ಕ ಕೆಲ್ಪ್ ಮರಿಗಳು ಅದರಲ್ಲಿ ಸವೆದುಹೋಗುತ್ತವೆ. ತಗ್ಗಿನಲ್ಲಿರುವ ಬಂಡೆಯನ್ನು ಕೆಲವು ಸಲ ಪೂರ್ತಿ ಹೂತೇ ಬಿಡುತ್ತದೆ. ಹೂತದ್ದರ ಒಳಗೆ ಆಮ್ಲಜನಕ ಬೇಗ ಮುಗಿಯುತ್ತದೆ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಓಡಲು ಆಗದ ಜೀವಿಗಳಿಗೆ ಅದು ವಿಷ.

ಆದರೂ ಮರಳಿಗೆ ಒಗ್ಗಿಕೊಂಡವರು ಇದ್ದಾರೆ. ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಲ್ಯಾಮಿನೇರಿಯಾ ಸಿಂಕ್ಲೇರಿಯೈ ಅನ್ನುವ ಸಣ್ಣ ಕೆಲ್ಪ್ ಇದೆ. ಅದು ವರ್ಷದಲ್ಲಿ ಕೆಲವು ತಿಂಗಳು ಮರಳಿನಡಿ ಹೂತುಹೋಗಿಯೂ ಬದುಕುತ್ತದೆ. ಬಂಡೆಗೆ ಅಂಟಿ ಹಬ್ಬುವ ಅಡ್ಡಕಾಂಡದಿಂದ, ಮರಳು ಸರಿದ ಮೇಲೆ ಹೊಸ ಎಲೆ ಚಿಗುರಿಸಿಕೊಳ್ಳುತ್ತದೆ. ಮರಳು ತಡೆಯಲಾಗದ ಬೇರೆ ಪಾಚಿಗಳು ಅಲ್ಲಿ ಬಂದು ಜಾಗ ಕಿತ್ತುಕೊಳ್ಳುವುದಿಲ್ಲ, ಅದೇ ಇದಕ್ಕೆ ಲಾಭ. ಅಂದರೆ ಮಣ್ಣು ಮರಳು ಕಂಡ ಕೂಡಲೇ ಕೆಟ್ಟದ್ದು ಅಂತ ತೀರ್ಪು ಕೊಡುವ ಹಾಗಿಲ್ಲ. ಎಷ್ಟು ಬಂತು, ಎಷ್ಟು ಸಣ್ಣದು, ಯಾವ ತಿಂಗಳು ಬಂತು, ಎಷ್ಟು ದಿನ ಉಳಿಯಿತು, ಇವಿಷ್ಟೂ ಕೇಳಬೇಕು.

ಇದಕ್ಕೆ ಎಲ್ವಾ ನದಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಲಿಂಪಿಕ್ ಬೆಟ್ಟಗಳಿಂದ ಇಳಿದು ಹ್ವಾನ್ ಡೆ ಫ್ಯೂಕಾ ಜಲಸಂಧಿಗೆ ಸೇರುವ ನದಿ ಇದು. 1913ರಲ್ಲಿ ಒಂದು, 1927ರಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿದರು. ಮೇಲಿನ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟೆಯ ಎತ್ತರ 64 ಮೀಟರ್. ಸಾಲ್ಮನ್ ಮೀನುಗಳು ಮೇಲಕ್ಕೆ ಹೋಗುವ ದಾರಿ ಮುಚ್ಚಿತು. ಬೆಟ್ಟದ ಮಣ್ಣು, ಮರಳು, ಜಲ್ಲಿ ಎಲ್ಲಾ ಅಣೆಕಟ್ಟುಗಳ ಹಿಂದೆ ಸಿಕ್ಕಿಕೊಂಡಿತು. ನದೀಮುಖಕ್ಕೆ ಬರಬೇಕಾದ ಮರಳು ಬರದೆ ಅಲ್ಲಿನ ದಂಡೆ ವರ್ಷ ವರ್ಷ ಕೊರೆದುಹೋಯಿತು. ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರು ಎಷ್ಟೋ ವರ್ಷ ಹೋರಾಡಿದರು. ಕೊನೆಗೆ 2011ರಿಂದ 2014ರವರೆಗೆ ಎರಡೂ ಅಣೆಕಟ್ಟುಗಳನ್ನು ಹಂತಹಂತವಾಗಿ ಕೆಡವಿದರು.

ನೂರು ವರ್ಷದ ಮಣ್ಣು ಒಮ್ಮೆಲೇ ಸಮುದ್ರಕ್ಕೆ ಇಳಿಯಿತು. ಕೆಡವುವ ಆ ಮೂರು ವರ್ಷಗಳಲ್ಲೇ ಒಂದು ಕೋಟಿ ಟನ್ನಿಗಿಂತ ಜಾಸ್ತಿ. ಅದೃಷ್ಟಕ್ಕೆ ಕೆಡವುವ ಮೊದಲೇ ವಿಜ್ಞಾನಿಗಳು ಅಲ್ಲಿ ಮುಳುಗಿ, 3 ಮೀಟರ್‌ನಿಂದ 17 ಮೀಟರ್ ಆಳದವರೆಗೆ ಏನೇನು ಇದೆ ಅಂತ ಬರೆದಿಟ್ಟುಕೊಂಡಿದ್ದರು. ಕೆಲ್ಪ್ ಮತ್ತು ಎಲೆಯಂಥ ಕೆಂಪು ಪಾಚಿಗಳು ಸೇರಿ ತಳದ ಅರ್ಧಕ್ಕಿಂತ ಜಾಸ್ತಿ ಜಾಗ ಮುಚ್ಚಿದ್ದವು. ಅಣೆಕಟ್ಟು ಒಡೆದ ಮೇಲೆ ಮಣ್ಣು ಬಂದು ನಿಂತ ಜಾಗಗಳಲ್ಲಿ ಅವು ತೀರಾ ಕಡಿಮೆಯಾದವು, ಇಲ್ಲವೇ ಪೂರ್ತಿ ಮಾಯವಾದವು. ಮಣ್ಣು ನಿಲ್ಲದ ಕಡೆಯೂ ಕಡಿಮೆಯಾದವು, ನೀರು ಎಷ್ಟು ಬಗ್ಗಡವೋ ಅಷ್ಟು ಕಡಿಮೆ. ಅಲ್ಲಿ ಕೊಂದದ್ದು ಹೂಳುವಿಕೆ ಅಲ್ಲ. ಬೆಳಕು ಇಲ್ಲದ್ದು ಅಥವಾ ಉಜ್ಜಾಟ.

ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಜಾಸ್ತಿ ಇಷ್ಟ. ಜಲ್ಲಿಕಲ್ಲಿನ ಮೇಲೆ ಮರಳು ಬಂದು ಕೂತ ಕಡೆ ಚಪ್ಪಟೆ ಮೀನುಗಳು ಮತ್ತು ಸ್ಯಾಂಡ್ ಲಾನ್ಸ್ ಅನ್ನುವ ಸಣ್ಣ ಮೀನುಗಳು ಹೆಚ್ಚಾದವು. ಸ್ಯಾಂಡ್ ಲಾನ್ಸ್ ಅಂದರೆ ಮರಳಿನೊಳಗೆ ತೂರಿಕೊಂಡು ಮಲಗುವ ಮೀನು. ದೊಡ್ಡ ಮೀನುಗಳಿಗೂ ಕಡಲ ಹಕ್ಕಿಗಳಿಗೂ ಅದೇ ಊಟ. ಮರಳಿನ ಮೇಲೆ ಕೆಸರು ಕೂತ ಕಡೆ ಎರಡು ಚಿಪ್ಪಿನ ಜೀವಿಗಳು ಹೆಚ್ಚಿದವು. ಬಂಡೆಯವರ ಮನೆ ಹೋಯಿತು, ಮರಳಿನವರಿಗೆ ಮನೆ ಸಿಕ್ಕಿತು. ಮಣ್ಣು ನಿಂತು ಉಳಿಯದ ಜಾಗಗಳಲ್ಲಿ ನೀರು ತಿಳಿಯಾದ ಮೇಲೆ ಕೆಲ್ಪ್ ವಾಪಸ್ ಬಂತು. ಕೆಳಗಿನ ಬಂಡೆ ಬಂಡೆಯಾಗಿಯೇ ಉಳಿದಿತ್ತು, ಅದಕ್ಕೇ ಬಂತು. ಅಣೆಕಟ್ಟು ಒಡೆದದ್ದು ಸರಿಯಾದ ಕೆಲಸ ಅಂತಲೇ ನಾನು ನಂಬುತ್ತೇನೆ. ಕೆಲವು ವರ್ಷದ ಬಗ್ಗಡವನ್ನು ಆರೋಗ್ಯವಾಗಿರುವ ಕಾಡು ತಡೆದುಕೊಳ್ಳುತ್ತದೆ.

ತಡೆದುಕೊಳ್ಳಲು ಆಗದ್ದು ನಿಲ್ಲದೇ ಬರುವ ಮಣ್ಣು. ಅದರಲ್ಲೂ ಚರಂಡಿ ನೀರಿನ, ಗೊಬ್ಬರದ ಸಾರ ಜೊತೆಗೆ ಬಂದರೆ ಇನ್ನೂ ಕಷ್ಟ.

ಇಲ್ಲಿ ಕೆಲ್ಪ್ ಮಾಡುವ ಒಂದು ಕೆಲಸ ಹೇಳಲೇಬೇಕು. ಆಸ್ಟ್ರೇಲಿಯಾದ ದಕ್ಷಿಣ ತೀರದಲ್ಲಿ ಎಕ್ಲೋನಿಯಾ ಅನ್ನುವ, ಆಳೆತ್ತರಕ್ಕಿಂತ ಹೆಚ್ಚು ಬೆಳೆಯದ ಕೆಲ್ಪ್ ಇದೆ. ಅಲೆ ಬಂದಾಗಲೆಲ್ಲ ಅದರ ಎಲೆಗಳು ಬಂಡೆಯ ಮೇಲೆ ಅತ್ತ ಇತ್ತ ಬೀಸಿ ಗುಡಿಸುತ್ತವೆ. ನಿಜವಾಗಿಯೂ ಪೊರಕೆಯ ಹಾಗೆ. ಕೂತ ಹೂಳು ಮೇಲೆದ್ದು ಹೋಗುತ್ತದೆ, ಬಂಡೆ ಸ್ವಚ್ಛವಾಗಿರುತ್ತದೆ, ಗುಲಾಬಿ ಪಾಚಿ ಚೆನ್ನಾಗಿರುತ್ತದೆ. ಆ ಕೆಲ್ಪ್ ತೆಗೆದುಹಾಕಿ ನೋಡಿದ ಪ್ರಯೋಗಗಳಲ್ಲಿ ಬಂಡೆ ಮೇಲೆ ಹೂಳು ನಿಲ್ಲಲು ಶುರುವಾಗಿ, ಟರ್ಫ್ ಅನ್ನುವ ಗಿಡ್ಡ, ನಾರುನಾರಾದ ಪಾಚಿ ಹಬ್ಬಿತು. ಈ ಟರ್ಫ್ ಒಂದು ಜಮಖಾನದ ಹಾಗೆ. ಬಂದ ಮಣ್ಣನ್ನೆಲ್ಲ ತನ್ನ ನಾರುಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣು ತುಂಬಿದ ಜಮಖಾನದ ಮೇಲೆ ಕೆಲ್ಪ್‌ನ ಬೀಜಕಣ ಕೂರಲಾರದು. ಕೆಲ್ಪ್ ಇಲ್ಲದ್ದರಿಂದ ಗುಡಿಸುವವರಿಲ್ಲ, ಗುಡಿಸುವವರಿಲ್ಲದ್ದರಿಂದ ಮಣ್ಣು, ಮಣ್ಣಿದ್ದದ್ದರಿಂದ ಕೆಲ್ಪ್ ಇಲ್ಲ.

ಅಡಿಲೇಡ್ ನಗರದ ತೀರದಲ್ಲಿ ಹೀಗೇ ಆಗಿ, ಒಂದು ಕಾಲದಲ್ಲಿ ಇದ್ದ ಪಾಚಿ ಕಾಡಿನಲ್ಲಿ ಶೇ. 70ರವರೆಗೂ ಹೋಗಿಬಿಟ್ಟಿದೆ. ನಾರ್ವೆಯ ದಕ್ಷಿಣದ ಸ್ಕಾಗೆರಾಕ್ ತೀರದಲ್ಲಿ 2000ದ ನಂತರದ ವರ್ಷಗಳಲ್ಲಿ ಮುಳುಗಿ ನೋಡಿದವರಿಗೆ ಶುಗರ್ ಕೆಲ್ಪ್ ಇರಬೇಕಾದ ಬಂಡೆಗಳ ಮೇಲೆ ಹೂಳು ಹಿಡಿದ ಟರ್ಫ್ ಮಾತ್ರ ಸಿಕ್ಕಿತು. ಬಿಸಿ ಬೇಸಿಗೆಗಳು, ಗೊಬ್ಬರದ ಸಾರ, ಹೂಳು ಎಲ್ಲಾ ಸೇರಿ ಮಾಡಿದ ಕೆಲಸ ಅದು. ಆ ಬಂಡೆಗಳ ಚಿತ್ರಗಳನ್ನು ನೋಡಿದ್ದೇನೆ. ಧೂಳು ಹಿಡಿದ ಹಳೆಯ ಕಂಬಳಿ ಹಾಸಿದ ಹಾಗೆ, ಎಲ್ಲಾ ಒಂದೇ ಬೂದುಗಂದು. ಡೈವರ್ ಕೈ ಬೀಸಿದರೆ ಹೊಗೆ ಎದ್ದ ಹಾಗೆ ಹೂಳು ಏಳುತ್ತದೆ. ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು.

ಮನುಷ್ಯರು ಕಟ್ಟಿದ್ದು ನೇರವಾಗಿ ಮಣ್ಣು ಸುರಿಯದೇ ಇದ್ದರೂ ಹೀಗೆ ಆಗಬಹುದು. ದಕ್ಷಿಣ ಕ್ಯಾಲಿಫೋರ್ನಿಯಾದ ಸಾನ್ ಒನೊಫ್ರೆ ಅಣುಸ್ಥಾವರ ಕಡಲ ನೀರನ್ನು ಎಳೆದುಕೊಂಡು, ಯಂತ್ರ ತಂಪು ಮಾಡಿ, ಉದ್ದ ಕೊಳವೆಗಳಿಂದ ಆಚೆ ಬಿಡುತ್ತಿತ್ತು. ಬಿಸಿ ನೀರೇ ತೊಂದರೆ ಮಾಡುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ಗೊತ್ತಾದದ್ದು ಬೇರೆ. ಕೊಳವೆಯ ಬಾಯಿಗಳಿಂದ ರಭಸವಾಗಿ ಚಿಮ್ಮುವ ನೀರು ದಡದ ಹತ್ತಿರದ ಬಗ್ಗಡ ನೀರನ್ನು ತನ್ನ ಜೊತೆ ಎಳೆದುಕೊಂಡು ಹೋಗಿ, ಪಕ್ಕದ ಕೆಲ್ಪ್ ಕಾಡಿನ ಮೇಲೆ ಹರಡುತ್ತಿತ್ತು. ತಳಕ್ಕೆ ಬೆಳಕು ಕಡಿಮೆಯಾಗಿ ಕಾಡು ಕುಗ್ಗಿತು. ಕ್ಯಾಲಿಫೋರ್ನಿಯಾದ ಕರಾವಳಿ ಆಯೋಗ ಅದಕ್ಕೆ ಪರಿಹಾರವಾಗಿ ಹೊಸ ಬಂಡೆಸಾಲು ಕಟ್ಟಬೇಕು ಅಂತ ಹೇಳಿತು. 1999ರಲ್ಲಿ ಸಣ್ಣದಾಗಿ ಪ್ರಯೋಗ ಮಾಡಿ, 2008ರಲ್ಲಿ 174 ಎಕರೆಗೆ ಹಿಗ್ಗಿಸಿ, 2020ರಲ್ಲಿ ಇನ್ನೂ ದೊಡ್ಡದು ಮಾಡಿದರು. ಜೀವಮಾನವಿಡೀ ಕೆಲ್ಪ್ ಅಧ್ಯಯನ ಮಾಡಿದ ವೀಲರ್ ನಾರ್ತ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಸಾನ್ ಕ್ಲೆಮೆಂಟೆ ಊರಿನ ಎದುರಿಗೆ ನೀರಿನಡಿ ಗಣಿಕಲ್ಲುಗಳನ್ನು ಹರಡಿ ಮಾಡಿದ್ದು ಅದು, ಈಗ ಅದರ ಮೇಲೆ ಕೆಲ್ಪ್ ಬೆಳೆಯುತ್ತದೆ.

ಅಲ್ಲಿಂದ ಉತ್ತರಕ್ಕೆ, ಲಾಸ್ ಏಂಜಲೀಸ್ ಪಕ್ಕದ ಪಾಲೊಸ್ ವೆರ್ಡೆಸ್‌ನಲ್ಲಿ ಎರಡು ಕಡೆಯಿಂದ ಪೆಟ್ಟು ಬಿತ್ತು. 1937ರಿಂದ ನಗರದ ಚರಂಡಿ ನೀರು ಅಲ್ಲಿ ಸಮುದ್ರ ಸೇರುತ್ತಿತ್ತು. 1950, 60ರ ದಶಕಗಳಲ್ಲಿ ಕೆಲ್ಪ್ ಕಾಡು ಬಹುತೇಕ ಇಲ್ಲವಾಯಿತು. 70ರ ದಶಕದಲ್ಲಿ ಚರಂಡಿ ನೀರಿನಲ್ಲಿ ಬರುವ ಘನ ಕಸ ಕಡಿಮೆಯಾದಂತೆ, ಜನ ಬೇರೆ ಕಡೆಯಿಂದ ಕೆಲ್ಪ್ ತಂದು ನೆಟ್ಟ ಹಾಗೆ, ಕಾಡು ಮತ್ತೆ ಚೇತರಿಸಿಕೊಂಡಿತು. ಸಂತೋಷದ ವಿಷಯ. ಆದರೆ ಅಲ್ಲೇ ಪೋರ್ಚುಗೀಸ್ ಬೆಂಡ್ ಅನ್ನುವ ಕಡೆ 1956ರಲ್ಲಿ ಗುಡ್ಡ ಜಾರಲು ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಜಾರಿದ ಮಣ್ಣನ್ನು ಅಲೆಗಳು ತಿಂದು, ಸುತ್ತಲಿನ ಬಂಡೆಗಳ ಮೇಲೆ ಹರಡುತ್ತವೆ. ಚರಂಡಿಯನ್ನು ತಿದ್ದಬಹುದು, ಗುಡ್ಡಕ್ಕೆ ಹೇಳುವವರು ಯಾರು? ಅದಕ್ಕೇ 2020ರಲ್ಲಿ ಅಲ್ಲಿ ಎತ್ತರ ಎತ್ತರದ ಕಲ್ಲುರಾಶಿಗಳನ್ನು ಹಾಕಿದರು. ಎತ್ತರವಾಗಿದ್ದರೆ ಓಡಾಡುವ ಮರಳು ನೆತ್ತಿಯವರೆಗೆ ಹತ್ತುವುದಿಲ್ಲ, ಅಲೆಯ ರಭಸಕ್ಕೆ ಹೂಳೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸರಿಯಾದ ಯೋಚನೆ ಅನ್ನಿಸುತ್ತದೆ ನನಗೆ. ಕಾಡು ಇಲ್ಲದ ಕಡೆ ಕೆಲ್ಪ್ ಮರಿ ನೆಟ್ಟು ಬರುವ ಕಾರ್ಯಕ್ರಮಗಳ ಬಗ್ಗೆ ಓದುವಾಗೆಲ್ಲ, ಮೊದಲು ಬಂಡೆ ಮೇಲೆ ಬೆರಳಾಡಿಸಿ ನೋಡಿದರೇ ಅಂತ ಕೇಳಬೇಕು ಅನಿಸುತ್ತದೆ. ಸೀ ಅರ್ಚಿನ್ ತೆಗೆದರೂ, ಮರಿ ನೆಟ್ಟರೂ, ಆ ಮರಿಯ ಬೀಜಕಣಕ್ಕೆ ಕೂರಲು ಜಾಗ ಇಲ್ಲದಿದ್ದರೆ ಕೆಲಸ ಒಂದೇ ತಲೆಮಾರಿಗೆ ನಿಲ್ಲುತ್ತದೆ.

ಇಷ್ಟೆಲ್ಲಾ ಬಂಡೆ ಬಂಡೆ ಅಂದ ಮೇಲೆ ಒಂದು ವಿಚಿತ್ರ ಹೇಳದೇ ಇರಲು ಆಗುವುದಿಲ್ಲ. ಸಾಂಟಾ ಬಾರ್ಬರಾ ಹತ್ತಿರ, ಬಂಡೆಯೇ ಇಲ್ಲದ ಬರೀ ಮರಳಿನ ತಳದಲ್ಲಿ ದೊಡ್ಡ ದೊಡ್ಡ ಕೆಲ್ಪ್ ಕಾಡುಗಳಿದ್ದವು. ಡಯೋಪ್ಯಾಟ್ರಾ ಅನ್ನುವ ಒಂದು ಹುಳು ಮರಳಿನಲ್ಲಿ ಚಿಪ್ಪಿನ ಚೂರು, ಪಾಚಿಯ ತುಣುಕು ಅಂಟಿಸಿಕೊಂಡು ಕೊಳವೆ ಮನೆ ಕಟ್ಟುತ್ತದೆ. ಕೊಳವೆಯ ತುದಿ ಮರಳಿನಿಂದ ಸ್ವಲ್ಪ ಮೇಲೆ ಚಾಚಿರುತ್ತದೆ. ಕೆಲ್ಪ್ ಮರಿ ಅದಕ್ಕೆ ಅಂಟಿಕೊಂಡು ಬೆಳೆಯುತ್ತಿತ್ತು. ಬೆಳೆದು ಅದರ ಬುಡದ ಗಂಟು ದೊಡ್ಡದಾದರೆ ಮುಂದಿನ ಮರಿ ಆ ಗಂಟನ್ನೇ ಹಿಡಿಯುತ್ತಿತ್ತು. ಅಜ್ಜಿಯ ಹೆಗಲ ಮೇಲೆ ಮೊಮ್ಮಗು ಕೂತ ಹಾಗೆ, ಒಬ್ಬರ ಮೇಲೊಬ್ಬರು, ಮರಳಿನ ಮೇಲೆ. 1982-83ರ ಎಲ್ ನಿನೊ ವರ್ಷದ ಬಿರುಗಾಳಿಗಳು ಆ ಕಾಡುಗಳನ್ನು ಕಿತ್ತುಹಾಕಿದವು. ಬುಡದ ಗಂಟುಗಳೂ ಹೋದವು. ಅದೇ ಬಿರುಗಾಳಿಯಲ್ಲಿ ಏಟು ತಿಂದ ಬಂಡೆಯ ಮೇಲಿನ ಕಾಡುಗಳು ಕೆಲವೇ ವರ್ಷಗಳಲ್ಲಿ ಮತ್ತೆ ಬೆಳೆದವು. ಮರಳಿನ ಮೇಲಿದ್ದವು ನಲವತ್ತು ವರ್ಷ ಕಳೆದರೂ ಬಹುಪಾಲು ವಾಪಸ್ ಬಂದಿಲ್ಲ.